ಸದಲಗಾದಲ್ಲಿ ಎಣಿಸಿದ ಉಬ್ಬರ

ನನ್ನ ಹೆಸರು ಭೀಮಗೊಂಡ ಬಾಳಗೊಂಡ ಮಗದುಮ್ಮ, ವಯಸ್ಸು 64 ವರ್ಷ, ಜಾತಿ ಜೈನ, ಉದ್ಯೋಗ ನೀರಾವರಿ ಇಲಾಖೆಯ ನಿವೃತ್ತ ಗೇಜ್ ರೀಡರ್, ಸಾಕಿನ್ ಬಸದಿ ಗಲ್ಲಿ, ಸದಲಗಾ, ತಾಲೂಕು ಚಿಕ್ಕೋಡಿ, ಜಿಲ್ಲೆ ಬೆಳಗಾವಿ. ಇಂದು ದಿನಾಂಕ 26-04-2025, ಶನಿವಾರ, ಮಧ್ಯಾಹ್ನ 2:10 ಗಂಟೆಗೆ ಸದಲಗಾ ಪೊಲೀಸ್ ಠಾಣೆಯಲ್ಲಿ ಹಾಜರಿದ್ದು, ಸಾಹೇಬರು ಕೇಳಿದ್ದಕ್ಕೆ ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುವುದೇನೆಂದರೆ,

ನಾನು 33 ವರ್ಷ ದೂಧಗಂಗಾ ನದಿಯ ನೀರಿನ ಮಟ್ಟ ಅಳೆದು ಬರೆದವನು. ಹೊಳೆ ಬಿಟ್ಟರೆ ದೊಡ್ಡ ನೀರನ್ನು ಕಂಡವನಲ್ಲ. ಸಮುದ್ರ ನೋಡಿಲ್ಲ. 2014ರ ಚಾತುರ್ಮಾಸದಲ್ಲಿ, ನನ್ನ ಹೆಂಡತಿ ತೀರಿಹೋದ ವರ್ಷ, ಬಸದಿಯಲ್ಲಿ ಮುನಿಗಳ ಮುಂದೆ ನಿಂತು ದಿಗ್ವ್ರತ ಹಿಡಿದೆ. ದಿಗ್ವ್ರತವೆಂದರೆ ನಾಲ್ಕು ದಿಕ್ಕಿಗೂ ಇಂಥಲ್ಲಿಯವರೆಗೆ ಮಾತ್ರ, ಅದರಾಚೆ ಬದುಕಿರುವವರೆಗೆ ಹೋಗುವುದಿಲ್ಲ ಎಂದು ಗಡಿ ಹಾಕಿಕೊಳ್ಳುವುದು. ನನ್ನ ಗಡಿ ಪೂರ್ವಕ್ಕೆ ಕೃಷ್ಣಾ, ಉತ್ತರಕ್ಕೆ ಪಂಚಗಂಗಾ, ದಕ್ಷಿಣಕ್ಕೆ ಘಟಪ್ರಭಾ, ಪಶ್ಚಿಮಕ್ಕೆ ದಾಜೀಪುರದ ಘಾಟಿನ ತಲೆ, ಎಂದರೆ ರಸ್ತೆ ಸಮುದ್ರದ ಕಡೆಗೆ ಇಳಿಯಲು ಶುರುವಾಗುವ ಜಾಗ. ಆ ದಿನದಿಂದ ಘಾಟಿನ ತಲೆ ದಾಟಿ ಪಶ್ಚಿಮಕ್ಕೆ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ.

ಮನೆಯಲ್ಲಿ ನನ್ನ ಜೊತೆ ನನ್ನ ತಂಗಿ ಕಮಲಾಬಾಯಿ ಇದ್ದಾಳೆ. ಆಕೆಯ ಮಗಳು ಬ್ರಾಹ್ಮಿ, ವಯಸ್ಸು 29. ನಾನು ವ್ರತ ಹಿಡಿದ ದಿನ ಬ್ರಾಹ್ಮಿ ಬಸದಿಯ ಮೆಟ್ಟಿಲ ಮೇಲೆ ನನ್ನನ್ನು ತಡೆದು, ನೋಡದೇ ಇದ್ದ ದಿಕ್ಕಿಗೇ ಯಾಕೆ ಬೇಲಿ ಹಾಕಿಕೊಂಡೆ ಎಂದು ಕೇಳಿದ್ದಳು. ಆ ಕಡೆ ನನಗೆ ಬೇಕಾದದ್ದು ಏನೂ ಇಲ್ಲ ಎಂದು ಹೇಳಿದ್ದೆ. ಆಗ ಅದು ನಿಜವಿತ್ತು.

ಬ್ರಾಹ್ಮಿ ಆರು ವರ್ಷದಿಂದ ಗೋವೆಯಲ್ಲಿ ಹಾಯಿದೋಣಿ ಕಟ್ಟುವ ಕಡೆ ಕೆಲಸ ಮಾಡುತ್ತಾಳೆ. ಮೊದಲು ಹಾಯಿ ಹೊಲಿಯುತ್ತಿದ್ದಳು, ನಂತರ ದೋಣಿ ನಡೆಸುವುದನ್ನೂ ಕಲಿತಳು. ಈ ವರ್ಷ ಗೋವೆಯ ಒಬ್ಬ ಮಾಲೀಕರು ಸೇಶೆಲ್ಸ್ ದ್ವೀಪದಲ್ಲಿ 34 ಅಡಿ ಉದ್ದದ ಹಾಯಿದೋಣಿ ಖರೀದಿಸಿದರು. ಅದನ್ನು ನಡೆಸಿಕೊಂಡು ಗೋವೆಗೆ ತರುವ ಕೆಲಸ ಬ್ರಾಹ್ಮಿಗೂ, ಗೋವೆಯ ಉತ್ತರದ ಕರಾವಳಿಯಲ್ಲಿರುವ ದೇವಗಡ ಕಡೆಯ ಸುಧೀರ ಎಂಬ 61 ವರ್ಷದ ಅನುಭವಿ ನಾವಿಕರಿಗೂ ಬಂತು. ದೋಣಿಯ ಕಾಗದಪತ್ರಗಳೆಲ್ಲ ಸರಿ ಇವೆ, ಅವುಗಳ ನಕಲು ನನ್ನ ಫೋನಿನಲ್ಲಿದೆ.

ದೋಣಿಯಲ್ಲಿ ಉಪಗ್ರಹದ ಮೂಲಕ ಚಿಕ್ಕ ಸಂದೇಶ ಕಳಿಸುವ ಒಂದು ಯಂತ್ರ ಮಾತ್ರ ಇತ್ತು. ದಡದಲ್ಲಿ ಕುಳಿತು ಗಾಳಿಯ ನಕಾಶೆ ನೋಡಿ ದಿನಕ್ಕೆರಡು ಸಲ ದಾರಿ ಹೇಳುವವರು ಒಬ್ಬರು ಬೇಕಿತ್ತು. ಬ್ರಾಹ್ಮಿ ಆ ಕೆಲಸಕ್ಕೆ ನನ್ನನ್ನು ಆರಿಸಿದಳು. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಹವಾಲ್ದಾರ ಬಾಪುಸಾಹೇಬರು ಇಲ್ಲಿ ಪೆನ್ನು ಕೆಳಗಿಟ್ಟು ನನ್ನನ್ನು ಕೇಳಿದರು: “ಸಮುದ್ರಾನ ನೋಡಿಲ್ಲ ಅಂತೀರಿ, ಸಮುದ್ರದಾಗ ದಾರಿ ಹ್ಯಾಂಗ ಹೇಳತೀರಿ ಮತ್ತ?” ಈ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಬರೆದುಕೊಳ್ಳಲು ನಾನೇ ಕೇಳಿಕೊಂಡೆ.

ನನ್ನ ಉತ್ತರ ಹೀಗಿದೆ. ಮಳೆಗಾಲದಲ್ಲಿ ದೂಧಗಂಗಾ ದಾಟಿಸುವ ಅಂಬಿಗ ಎದುರು ದಡದಲ್ಲಿ ಕಾಣುವ ಘಟ್ಟಕ್ಕೆ, ಎಂದರೆ ಇಳಿಯುವ ಜಾಗಕ್ಕೆ, ದೋಣಿಯ ಮೂತಿ ಮಾಡುವುದಿಲ್ಲ. ಮೇಲ್ಗಡೆಗೆ ಮಾಡುತ್ತಾನೆ, ಸೆಳವು ತಾನೇ ಕೆಳಗೆ ತಂದು ಸರಿಯಾದ ಘಟ್ಟಕ್ಕೆ ಹಚ್ಚುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯಲ್ಲಿ ಗಾಳಿ ವಾಯವ್ಯದಿಂದ ಬೀಸುತ್ತದೆ, ನೀರು ದಕ್ಷಿಣಕ್ಕೆ ಸರಿಯುತ್ತದೆ. ಆದ್ದರಿಂದ ನೇರ ಗೋವೆಗೆ ಗೆರೆ ಎಳೆಯದೆ ದೇವಗಡದ ಎದುರಿಗೆ ಎಳೆದೆ. ಮೊದಲು ದಡ ಕಾಣುವುದು ಅಲ್ಲಿ, ಆಮೇಲೆ ಗಾಳಿ ಬೆನ್ನಿಗೆ ಹಾಕಿಕೊಂಡು 60 ನಾಟಿಕಲ್ ಮೈಲು ಕೆಳಗಿಳಿದರೆ ಗೋವಾ ಬಂದರು. ಒಂದು ನಾಟಿಕಲ್ ಮೈಲು ಎಂದರೆ 1.85 ಕಿಲೋಮೀಟರು. ಸುಧೀರ ಅವರು ಫೋನಿನಲ್ಲಿ ಇದನ್ನು ಕೇಳಿ, ಇಷ್ಟು ದಿನ ಎಲ್ಲಿ ಅಡಗಿದ್ದಿರಿ ಎಂದು ಮರಾಠಿಯಲ್ಲಿ ನಗೆಯಾಡಿದರು. ನನಗೆ ಬಹಳ ಖುಷಿಯಾಯಿತು.

ದೋಣಿ ಏಪ್ರಿಲ್ 5ರಂದು ಮುಂಜಾನೆ 6ಕ್ಕೆ ಸೇಶೆಲ್ಸ್ ಬಿಟ್ಟಿತು. ಅಂದಿನಿಂದ ನಮ್ಮ ಪಡಸಾಲೆಯ ಗೋಡೆಯ ಮೇಲೆ ನಕಾಶೆ ಇತ್ತು, ದೋಣಿ ಇರುವಲ್ಲಿ ಗುಂಡುಸೂಜಿ ಚುಚ್ಚುತ್ತಿದ್ದೆ. ಎದುರು ಮನೆಯ ರಾಜಾರಾಮ, ನಿವೃತ್ತ ಪೋಸ್ಟ್‌ಮ್ಯಾನ್, ದಿನವೂ ಬಂದು ಗುಂಡುಸೂಜಿ ಎಷ್ಟು ಸರಿಯಿತು ಎಂದು ಬೆರಳಿನಿಂದ ಅಳೆಯುತ್ತಿದ್ದರು. 11ರಿಂದ 13ರವರೆಗೆ ಗಾಳಿಯೇ ಇರಲಿಲ್ಲ, ಮೂರು ದಿನಕ್ಕೆ ಒಟ್ಟು 70 ಮೈಲು ಮಾತ್ರ ಆಯಿತು. ಲಕ್ಷದ್ವೀಪವನ್ನು ಬಲಕ್ಕೆ ದೂರ ಬಿಟ್ಟು ಬರಲು ಹೇಳಿದೆ, ಹಾಗೆಯೇ ಬಂದರು. ಸಾಗರದ ಬಣ್ಣ ಹೇಗಿದೆ, ಅಲೆ ಎಷ್ಟು ಸೆಕೆಂಡಿಗೆ ಒಂದು ಬರುತ್ತದೆ, ರಾತ್ರಿ ನೀರು ಹೊಳೆಯುವುದು ನಿಜವೇ ಎಂದು ನಾನು ಕೆಲಸಕ್ಕೆ ಬೇಡದ್ದನ್ನೂ ಕೇಳುತ್ತಿದ್ದೆ. ಬ್ರಾಹ್ಮಿ ಬೇಸರವಿಲ್ಲದೆ ಬರೆಯುತ್ತಿದ್ದಳು. 19ನೇ ತಾರೀಖಿನ ಸಂದೇಶದ ಕೊನೆಗೆ, ದಡ ಸೇರಿದ ಮೇಲೆ ನಾನು ನೋಡಲು ಬರಬೇಕೆಂದಿತ್ತು. ನಾನು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮರುದಿನದ ಗಾಳಿಯ ದಿಕ್ಕು ಮಾತ್ರ ಕಳಿಸಿದೆ.

ನಿನ್ನೆ 25ರಂದು ಸಂಜೆ 6:02ಕ್ಕೆ ಸಂದೇಶ ಬಂತು. ಚುಕ್ಕಾಣಿಯ ಜೋಡಣೆ ಸೀಳು ಬಿಟ್ಟಿದೆ, ಎಂಜಿನ್ ಹತ್ತುತ್ತಿಲ್ಲ, ಗೋವೆಯವರೆಗೆ ಇಳಿಯಲಾಗದು. ಹತ್ತಿರದಲ್ಲಿ ಸುಧೀರ ಅವರು ಹುಟ್ಟಿ ಬೆಳೆದ ಊರಿನ ಖಾಡಿ ಇದೆ, ಎಂದರೆ ಸಣ್ಣ ಹೊಳೆ ಸಮುದ್ರ ಸೇರುವ ಬಾಯಿ. ರಾತ್ರಿ ಅದರ ಪಶ್ಚಿಮಕ್ಕೆ ಎರಡು ಮೈಲಿನಲ್ಲಿ ನಿಂತು, ನಾಳೆ ಮುಂಜಾನೆ ಒಳಗೆ ಹೋಗುತ್ತೇವೆ, ಉಬ್ಬರದ ವೇಳೆ ಬೇಕು ಎಂದು ಬರೆದಿದ್ದಳು. ಆ ಬಾಯಿಯಲ್ಲಿ ಮರಳಿನ ದಿಬ್ಬವಿದೆ. ನೀರು ಏರುತ್ತಿರುವಾಗ, ಉಬ್ಬರ ತುಂಬುವ ಮುಂಚಿನ ಅರ್ಧ ತಾಸಿನಲ್ಲಿ ದಾಟಬೇಕು. ನೀರು ಇಳಿಯಲು ಶುರುವಾದ ಮೇಲೆ ಹೋದರೆ ಹೊರಗೆ ನುಗ್ಗುವ ಹೊಳೆಗೂ ಒಳಗೆ ಬರುವ ಅಲೆಗೂ ದಿಬ್ಬದ ಮೇಲೆಯೇ ಡಿಕ್ಕಿಯಾಗುತ್ತದೆ. ಚುಕ್ಕಾಣಿ ಸಡಿಲಾದ ದೋಣಿ ಅಲ್ಲಿ ಅಡ್ಡ ಬೀಳುತ್ತದೆ. ಸುಧೀರ ಅವರ ದೊಡ್ಡಣ್ಣ ಹಾಗೆಯೇ ಅಲ್ಲಿ ಸತ್ತದ್ದನ್ನು ಅವರೇ ನನಗೆ ಹೇಳಿದ್ದರು.

ಆ ಸಣ್ಣ ಖಾಡಿಯ ಉಬ್ಬರದ ವೇಳೆ ಯಾವ ಪಟ್ಟಿಯಲ್ಲೂ ಇಲ್ಲ. ಅಲ್ಲಿಯ ಮೀನುಗಾರರು ತಿಥಿಯಿಂದ ಎಣಿಸುತ್ತಾರೆ, ಇದನ್ನೂ ಸುಧೀರ ಅವರೇ ಹೇಳಿಕೊಟ್ಟಿದ್ದರು. ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ಉಬ್ಬರ. ದೋಣಿಯಲ್ಲಿ ಕ್ಯಾಲೆಂಡರ್ ಇರಲಿಲ್ಲ. ನಾನು ನಮ್ಮ ಗೋಡೆಯ ಮೇಲಿನ ಬಸದಿಯ ಕ್ಯಾಲೆಂಡರ್ ನೋಡಿದೆ. 26ಕ್ಕೆ ಚತುರ್ದಶಿ ಎಂದಿತ್ತು. ಹದಿನಾಲ್ಕರ ಮುಕ್ಕಾಲು ಹತ್ತೂವರೆ. ಮುಂಜಾನೆ 10ರಿಂದ 10:30ರ ಒಳಗೆ ದಾಟಿರಿ ಎಂದು 6:21ಕ್ಕೆ ಕಳಿಸಿದೆ. ಸಿಕ್ಕಿತು, ಯಂತ್ರದ ಚಾರ್ಜ್ ನೂರಕ್ಕೆ ನಾಲ್ಕು ಉಳಿದಿದೆ, ಇನ್ನು ದಡ ಸೇರಿದ ಮೇಲೆಯೇ ಹಚ್ಚುತ್ತೇನೆ ಎಂದು ಉತ್ತರ ಬಂತು. ಗೋವೆಯಲ್ಲಿರುವ ಮಾಲೀಕರ ಏಜೆಂಟರಿಗೆ ದೋಣಿ ಬೇರೆ ಕಡೆ ಬರುತ್ತಿರುವುದನ್ನು ತಿಳಿಸಲು ಮೂರು ಸಲ ಫೋನ್ ಮಾಡಿದೆ, ಅವರು ಎತ್ತಲಿಲ್ಲ.

ಇಂದು ಚತುರ್ದಶಿಯೆಂದು ನನಗೂ ತಂಗಿಗೂ ಉಪವಾಸ. ಮುಂಜಾನೆ 8:15ಕ್ಕೆ ರಾಜಾರಾಮ ಹಾಗೂ ಅವರ ಹೆಂಡತಿ ದ್ರೌಪದಿ ದೋಣಿ ಬರುವ ದಿನವೆಂದು ಚಹಾ ತೆಗೆದುಕೊಂಡು ಬಂದರು. ಇಂದು ಚೌದಸ, ನಾವು ಏನೂ ಮುಟ್ಟುವುದಿಲ್ಲ ಎಂದೆ. ದ್ರೌಪದಿ ಕೇಳಿದ್ದು ಇಷ್ಟೇ: “ಅಣ್ಣಾರ, ನಮ್ಮ ಕ್ಯಾಲೆಂಡರ್‌ದಾಗ ಇವತ್ತ ತೇರಸ ಐತೆಲ್ಲರಿ?”

ತೇರಸ ಎಂದರೆ ತ್ರಯೋದಶಿ, ಒಂದು ತಿಥಿ ಹಿಂದೆ. ನಾನು ಎದ್ದು ಗೋಡೆಯ ಕ್ಯಾಲೆಂಡರ್ ಹತ್ತಿರ ಹೋದೆ. ನಮ್ಮಲ್ಲಿ ಸೂರ್ಯೋದಯದ ನಂತರ ಆರು ಘಳಿಗೆ, ಎಂದರೆ 2 ತಾಸು 24 ನಿಮಿಷ ಇದ್ದ ತಿಥಿಯನ್ನು ಮಾತ್ರ ಆ ದಿನದ ತಿಥಿಯೆಂದು ಹಿಡಿಯುತ್ತಾರೆ. ಇಂದು ಸೂರ್ಯೋದಯ 6:09ಕ್ಕೆ. ತ್ರಯೋದಶಿ ಮುಗಿಯುವುದು 8:27ಕ್ಕೆ. ಆರು ಘಳಿಗೆಗೆ ಆರು ನಿಮಿಷ ಕಡಿಮೆ. ಅದಕ್ಕಾಗಿ ಬಸದಿಯ ಕ್ಯಾಲೆಂಡರ್‌ನಲ್ಲಿ ಚತುರ್ದಶಿ, ಉಳಿದವರೆಲ್ಲರ ಕ್ಯಾಲೆಂಡರ್‌ನಲ್ಲಿ ತ್ರಯೋದಶಿ. ಮೀನುಗಾರರ ಲೆಕ್ಕ ಉಳಿದವರದ್ದು. ಹದಿಮೂರರ ಮುಕ್ಕಾಲು ಒಂಬತ್ತೂ ಮುಕ್ಕಾಲು. ಉಪವಾಸಕ್ಕೆ ನನ್ನ ತಿಥಿ ಸರಿ ಇತ್ತು, ಸಮುದ್ರಕ್ಕೆ ತಪ್ಪಿತ್ತು. ನಾನು ಹೇಳಿದ ವೇಳೆಗೆ ಅವರು ದಿಬ್ಬಕ್ಕೆ ಬಂದರೆ ನೀರು ಇಳಿಯುತ್ತಿರುತ್ತದೆ.

ಗೋವೆಯ ಉಬ್ಬರದ ಪಟ್ಟಿ ನನ್ನ ಮೇಜಿನ ಮೇಲೆಯೇ ಇತ್ತು. ಅದರ ಜೊತೆ ಒಮ್ಮೆ ತಾಳೆ ನೋಡಿದ್ದರೆ ಮುಕ್ಕಾಲು ತಾಸಿನ ಫರಕು ನಿನ್ನೆಯೇ ಸಿಗುತ್ತಿತ್ತು. 33 ವರ್ಷ ಹೊಳೆಯ ಎರಡೂ ದಂಡೆಯ ಅಳತೆಪಟ್ಟಿ ಓದದೆ ಮಟ್ಟ ಬರೆದವನಲ್ಲ. ನಿನ್ನೆ ಒಂದೇ ದಂಡೆಯದ್ದು ಓದಿದೆ. ತಿಥಿಯಿಂದ ಸಮುದ್ರ ಅಳೆಯಲು ಬಂತಲ್ಲ ಎಂಬ ಖುಷಿಯಲ್ಲಿದ್ದೆ. ಈ ತಪ್ಪು ಪೂರಾ ನನ್ನದು, ಬ್ರಾಹ್ಮಿಯದ್ದಾಗಲಿ ಸುಧೀರ ಅವರದ್ದಾಗಲಿ ಅಲ್ಲ.

8:24ಕ್ಕೆ ಸಂದೇಶ ಕಳಿಸಿದೆ, ತಲುಪಲಿಲ್ಲ. 8:29ಕ್ಕೆ ಮತ್ತೆ ಕಳಿಸಿದೆ, ತಲುಪಲಿಲ್ಲ. 8:34ಕ್ಕೆ ಕರಾವಳಿ ಪೊಲೀಸರ ಸಹಾಯವಾಣಿಗೆ ಫೋನ್ ಮಾಡಿ, ಇಂಥ ಖಾಡಿಯ ಬಾಯಿಯಿಂದ ಪಶ್ಚಿಮಕ್ಕೆ ಎರಡು ನಾಟಿಕಲ್ ಮೈಲಿನಲ್ಲಿ ಬಿಳಿ ಹಾಯಿದೋಣಿಯೊಂದು ನಿಂತಿರುತ್ತದೆ, ಅದನ್ನು 9:45ರ ಮುಂಚೆ ಒಳಗೆ ಕರೆದುಕೊಳ್ಳಿ ಎಂದು ಮರಾಠಿಯಲ್ಲಿ ಕೇಳಿಕೊಂಡೆ. ದೋಣಿ ಎಲ್ಲಿಯದು ಎಂದರು, ಸೇಶೆಲ್ಸ್‌ದು ಎಂದೆ. ನೀವು ಎಲ್ಲಿಂದ ಮಾತಾಡುತ್ತಿದ್ದೀರಿ ಎಂದರು, ಸದಲಗಾದಿಂದ ಎಂದೆ. ಸದಲಗಾ ಸಮುದ್ರದಿಂದ ಎಷ್ಟು ದೂರ ಎಂದರು, ನೇರ ಗೆರೆಯಲ್ಲಿ 125 ಕಿಲೋಮೀಟರು ಎಂದೆ. ಅಷ್ಟು ದೂರ ಕುಳಿತವನಿಗೆ ದೋಣಿ ನಿಂತ ಜಾಗ ಹೇಗೆ ಗೊತ್ತು ಎಂದು ಕೇಳಿದರು. ನಾಲ್ಕು ದಿನದ ಹಿಂದಿನ ಉಗ್ರರ ದಾಳಿಯಿಂದಾಗಿ ಈ ವಾರ ಕರಾವಳಿಯಲ್ಲಿ ಬಿಗಿ ಕಾವಲು ಇರುವುದು ನನಗೂ ಗೊತ್ತಿತ್ತು. ನನ್ನ ಪ್ರತಿಯೊಂದು ನಿಜವೂ ಅವರ ಕಿವಿಗೆ ಕೆಟ್ಟದಾಗಿ ಕೇಳುತ್ತಿತ್ತು. ಆದರೂ ಸುಳ್ಳು ಹೇಳಲಿಲ್ಲ, ಫೋನ್ ಇಡಲೂ ಇಲ್ಲ. ಅವರಿಗೆ ಸಂಶಯ ಬಂದರೆ ಬರಲಿ, ಬೇಗ ಹೋದರೆ ಸಾಕು ಎನ್ನಿಸಿತು.

8:50ರಿಂದ 11:20ರವರೆಗೆ ನಾನು ನಕಾಶೆಯ ಮುಂದೆ ಕುಳಿತಿದ್ದೆ. ತಂಗಿ ಜಪಮಣಿ ಹಿಡಿದು ಕುಳಿತಿದ್ದಳು, ಆದರೆ ಮಣಿ ಸರಿಯುತ್ತಿರಲಿಲ್ಲ. 9:45 ಆದಾಗ ರಾಜಾರಾಮ ಎದ್ದು ಗಡಿಯಾರದ ಮುಂದೆ ನಿಂತರು. 11:20ಕ್ಕೆ ಈ ಠಾಣೆಯ ಜೀಪು ಬಂದು ನನ್ನನ್ನೂ, ನಕಾಶೆಯನ್ನೂ, ಬರೆದಿಟ್ಟ ನೋಟ್‌ಬುಕ್ಕನ್ನೂ ತಂದಿತು. ಬ್ರಾಹ್ಮಿ ಬದುಕಿದ್ದಾಳೆಯೇ ಎಂದು ಜೀಪಿನಲ್ಲಿ ಕೇಳಿದೆ. ಬಾಪುಸಾಹೇಬರು ತಮಗೆ ಗೊತ್ತಿಲ್ಲವೆಂದರು.

11:50ಕ್ಕೆ ಸಾಹೇಬರು ಕರಾವಳಿ ಠಾಣೆಗೆ ಮಾತಾಡಿ ತಿಳಿಸಿದ್ದೇನೆಂದರೆ, ದೋಣಿಯನ್ನು ಹಿಡಿಯಲು ಪೊಲೀಸರು ಯಾಂತ್ರಿಕ ದೋಣಿಯಲ್ಲಿ ಹೋಗಿ 9:20ಕ್ಕೆ ಅದನ್ನು ದಿಬ್ಬದ ಹೊರಗೆ ಕಂಡರು, ಹಗ್ಗ ಕಟ್ಟಿ 9:40ಕ್ಕೆ ಒಳಗೆ ಎಳೆದು ತಂದರು. ಇಬ್ಬರಿಗೂ ಏನೂ ಆಗಿಲ್ಲ. ಹಿಡಿಯಲು ಹೋದವರೇ ಉಳಿಸಿ ತಂದರು. ಅವರಿಗೆ ನಾನು ಬದುಕಿರುವವರೆಗೆ ಋಣಿ. ಈ ಸುದ್ದಿ ಕೇಳಿ ನಾನು ಠಾಣೆಯ ಬೆಂಚಿನ ಮೇಲೆ ಕುಳಿತು ಅತ್ತದ್ದು ನಿಜ. ಅದು ಹೆದರಿಕೆಯಿಂದ ಅತ್ತದ್ದಲ್ಲ, ಸಂಶಯದಿಂದ ಬರೆದುಕೊಳ್ಳಬಾರದೆಂದು ವಿನಂತಿ.

ಪರದೇಶದಿಂದ ಬಂದ ದೋಣಿ ನಿಗದಿತ ಬಂದರು ಬಿಟ್ಟು ಬೇರೆಡೆ ದಡ ಹಿಡಿದ ಕಾರಣ ಇಬ್ಬರನ್ನೂ ಅಲ್ಲಿ ಕೂರಿಸಿದ್ದಾರೆ. ದಾರಿ ಹೇಳಿದವನು ನೋಟ್‌ಬುಕ್ ಮತ್ತು ಫೋನ್ ಸಮೇತ ನಾಳೆ ಬೆಳಿಗ್ಗೆ 10ರ ಒಳಗೆ ಖುದ್ದಾಗಿ ಬಂದು ಗುರುತಿಸಬೇಕು, ಬಾರದಿದ್ದರೆ ತನಿಖೆ ಮೇಲಿನವರಿಗೆ ಹೋಗುತ್ತದೆ, ಎಷ್ಟು ದಿನವೋ ಹೇಳಲಾಗದು ಎಂದು ಅಲ್ಲಿಂದ ತಿಳಿಸಿದರು. ಸಾಹೇಬರು ಬ್ರಾಹ್ಮಿಯ ಜೊತೆ ಸ್ಪೀಕರಿನಲ್ಲಿ ಮಾತಾಡಿದರು. ಆಕೆಯ ಮಾತು ಇದ್ದಂತೆಯೇ ಬರೆಸುತ್ತೇನೆ: “ಸಾಹೇಬ್ರ, ನಮ್ಮ ಮಾಮಾನ್ನ ಘಾಟಿನ ಕೆಳಗ ಕರೀಬ್ಯಾಡ್ರಿ. ಎಷ್ಟ ದಿನಾ ಆದ್ರೂ ನಾ ಇಲ್ಲೇ ಇರ್ತೀನಿ.”

ಇದನ್ನು ಫೋನಿನಲ್ಲಿ ತಂಗಿಗೆ ತಿಳಿಸಿದೆ. ವ್ರತ ನನ್ನದು, ಮಗಳು ತನ್ನವಳು, ಅದಕ್ಕೇ ತಾನು ಏನೂ ಹೇಳುವುದಿಲ್ಲ ಎಂದಳು.

ನಾನು ಸಾಹೇಬರಲ್ಲಿ ಹತ್ತು ನಿಮಿಷ ಕೇಳಿಕೊಂಡು 3:55ಕ್ಕೆ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಪಶ್ಚಿಮಕ್ಕೆ ಮುಖ ಮಾಡಿ ನಿಂತೆ. 4:05ಕ್ಕೆ ಒಳಗೆ ಬಂದು, ಹೋಗುತ್ತೇನೆ ಎಂದು ಹೇಳಿದೆ. ಮುಂದೆ ಮುನಿಗಳ ಎದುರು ನಿಂತಾಗ, ಹುಡುಗಿಯನ್ನು ಬಿಡಿಸಲಿಕ್ಕೆ ಮಾತ್ರ ಹೋದೆಯಾ ಎಂದು ಅವರು ಕೇಳುತ್ತಾರೆ. ಹೌದು ಎನ್ನಲು ನನಗೆ ಬರುವುದಿಲ್ಲ. ನನಗೆ ಸಮುದ್ರ ನೋಡಬೇಕಾಗಿದೆ. ಇಪ್ಪತ್ತೊಂದು ದಿನದಿಂದ ನೋಡಬೇಕಾಗಿದೆ. ಅವರು ಕೊಟ್ಟ ಪ್ರಾಯಶ್ಚಿತ್ತ ಮಾಡುತ್ತೇನೆ. ಅದು ಪೊಲೀಸರಿಗೆ ಸಂಬಂಧಿಸಿದ್ದಲ್ಲ, ಆದರೆ ನಿಜ ಹೇಳು ಎಂದು ಕೂರಿಸಿದ್ದರಿಂದ ಇದನ್ನೂ ಹೇಳಿದ್ದೇನೆ.

ಬಾಪುಸಾಹೇಬರು ಇಷ್ಟನ್ನೂ ನನಗೆ ಓದಿ ತೋರಿಸಿದರು. ನಾನು ಹೇಳಿದ್ದೇ ಇದೆ, ಹೇಳದ್ದು ಸೇರಿಲ್ಲ. ಒಂದು ಮಾತು ಮಾತ್ರ. ಘಾಟಿನ ತಲೆ ದಾಟಿ ಪಶ್ಚಿಮಕ್ಕೆ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ ಎಂದು ಮೇಲೆ ಬರೆಸಿದ್ದೇನೆ. ಜೀಪು 4:50ಕ್ಕೆ ಹೊರಡುತ್ತದೆ. ದಾಜೀಪುರ ಇಲ್ಲಿಂದ ಸುಮಾರು 100 ಕಿಲೋಮೀಟರು. ನನ್ನ ಲೆಕ್ಕದಂತೆ ಸಂಜೆ 7:30ಕ್ಕೆ ಆ ವಾಕ್ಯ ಸುಳ್ಳಾಗುತ್ತದೆ. ಅದನ್ನು ಹೊಡೆದು ಹಾಕಬಾರದೆಂದು ವಿನಂತಿ. ಸಹಿ ಮಾಡುವ ಈ ಹೊತ್ತಿಗೆ ಅದು ನಿಜವಿದೆ.

ಸ್ಥಳ: ಸದಲಗಾ
ದಿನಾಂಕ: 26-04-2025, ಸಂಜೆ 4:40
ತಿಥಿ: ಈ ಹೊತ್ತಿಗೆ ಚತುರ್ದಶಿ, ಎರಡೂ ಕ್ಯಾಲೆಂಡರಿನ ಪ್ರಕಾರ

(ಸಹಿ) ಭೀ. ಬಾ. ಮಗದುಮ್ಮ