ಸ್ಪ್ಯಾನರ್ ಇಲ್ಲದ ಟಿಕೆಟ್ಟು

ಮೂರು ಕಾರ್ಖಾನೆ ಕಟ್ಟಿದ ಧಣಿಯೊಬ್ಬ ಒಂದೂರಲ್ಲಿ ಇದ್ದ. ಹಾಲಿನ ಪ್ಯಾಕೆಟ್ಟು ತುಂಬುವ ಯಂತ್ರ ಮಾಡಿ ದೇಶಕ್ಕೆಲ್ಲ ಮಾರುತ್ತಿದ್ದ. ಅವನ ಆಫೀಸಿನ ಗೋಡೆ ಮೇಲೆ ಒಂದು ನಿಯಮ ಅಂಟಿಸಿದ್ದ: ಯಾರೇ ಪ್ರಯಾಣ ಹೋಗಲಿ, ಎಲ್ಲಕ್ಕಿಂತ ಅಗ್ಗದ ವಿಮಾನ ಟಿಕೆಟ್ಟೇ ತೆಗೆಯಬೇಕು. ಯಾರೇ ಅಂದರೆ ಯಾರು? ಧಣಿಯಂತೂ ಅಲ್ಲ. ಅವನು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಹೋಗುತ್ತಿದ್ದ, ನೋಡಿ.

ಅವನಲ್ಲಿ ಫಕ್ಕೀರೇಶ ಅಂತ ಒಬ್ಬ ಫಿಟ್ಟರ್. ಇಪ್ಪತ್ತಾರು ವರ್ಷದ ಕೆಲಸ. ಆ ಯಂತ್ರದ ಒಳಗಿನ ನಟ್ಟಿಗೆ ಅಂಗಡಿಯ ಸ್ಪ್ಯಾನರ್ ಹೋಗುವುದಿಲ್ಲ. ಅವನೇ ಅರದಿಂದ ಉಜ್ಜಿ, ಕಾಯಿಸಿ ಬಾಗಿಸಿ, ಏಳು ಸ್ಪ್ಯಾನರ್ ಮಾಡಿಕೊಂಡಿದ್ದ. ಅವು ಇದ್ದರೆ ಅವನು ಫಿಟ್ಟರ್. ಇಲ್ಲದಿದ್ದರೆ ಸುಮ್ಮನೆ ಒಬ್ಬ ಮುದುಕ.

ಅಸ್ಸಾಮಿನ ಒಂದು ಡೇರಿಯಲ್ಲಿ ಯಂತ್ರ ನಿಂತಿತು. ಫಕ್ಕೀರೇಶನಿಗೆ ಟಿಕೆಟ್ಟು ಬಂತು. ಎರಡು ಕಡೆ ವಿಮಾನ ಬದಲಿಸಬೇಕು, ನಡುವೆ ಒಂಬತ್ತು ಗಂಟೆ ಕಾಯಬೇಕು. ಅದನ್ನೂ ಸಹಿಸಿದ. ಆದರೆ ಅದರಲ್ಲಿ ದೊಡ್ಡ ಪೆಟ್ಟಿಗೆ ಒಯ್ಯಲು ಅವಕಾಶವಿರಲಿಲ್ಲ. ಟಿಕೆಟ್ಟು ತೆಗೆಯುವ ಹುಡುಗಿಯ ಬಳಿ ಹೋಗಿ, ಪೆಟ್ಟಿಗೆಗೂ ಸೇರಿಸು ತಾಯಿ ಎಂದ. ಅವಳು ಗೋಡೆ ತೋರಿಸಿದಳು.

"ಕಾಕಾ, ರೂಲ್ ನಾ ಮಾಡಿಲ್ಲ. ಕೈಚೀಲದಾಗ ತುರುಕ್ಕೊಂಡು ಹೋಗ್ರಿ."

ತುರುಕಿಕೊಂಡು ಹೋದ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಡೆದರು. ಕಬ್ಬಿಣದ ಸ್ಪ್ಯಾನರ್ ಹಿಡಿದುಕೊಂಡು ವಿಮಾನ ಹತ್ತಲು ಬಿಡುತ್ತಾರೆಯೇ? ಬುಟ್ಟಿಗೆ ಹಾಕು, ಇಲ್ಲವೇ ವಾಪಸ್ ಹೋಗು ಎಂದರು. ಪೆಟ್ಟಿಗೆಗೆ ಬೇರೆ ದುಡ್ಡು ಕಟ್ಟೋಣವೆಂದರೆ ಜೇಬಿನಲ್ಲಿ ಅಷ್ಟಿಲ್ಲ, ವಾಪಸ್ ಹೋದರೆ ಧಣಿ ಬೈಯುತ್ತಾನೆ. ಒಂದೊಂದಾಗಿ ಹಾಕಿದ. ಏಳನೆಯದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತ. ಅದನ್ನೂ ಹಾಕಿದ.

ಡೇರಿಯಲ್ಲಿ ಊರಿನ ಸ್ಪ್ಯಾನರ್ ಎಲ್ಲ ತರಿಸಿದರು, ಒಂದೂ ಕೂರಲಿಲ್ಲ. ಟ್ಯಾಂಕಿನಲ್ಲಿದ್ದ ಹಾಲು ಕೆಟ್ಟಿತು. ಫಕ್ಕೀರೇಶ ತಲೆ ತಗ್ಗಿಸಿ ಮರಳಿದ.

ಧಣಿ ಎಲ್ಲರೆದುರು ಅವನನ್ನು ನಿಲ್ಲಿಸಿದ. "ಖಾಲಿ ಕೈಲೆ ಹೋಗಿ ನನ್ನ ಮಾನ ಕಳದಿ."

"ಕೈ ತುಂಬ ಹೊಂಟಿದ್ದೆ ಸಾಹೇಬ್ರ. ನಿಮ್ಮ ಟಿಕೆಟ್ ಖಾಲಿ ಮಾಡ್ತು."

"ಹೊಸಾವು ಕೊಡಸ್ತೀನಿ ತಗೋ."

"ಎಲ್ಲಿ ಸಿಗ್ತಾವ ಹೇಳ್ರಿ, ನಾನೂ ಬರ್ತೀನಿ."

ಆ ಬರಿದಾದ ಕೈಚೀಲವನ್ನು ಧಣಿಯ ಮೇಜಿನ ಮೇಲಿಟ್ಟು ಹೊರನಡೆದ. ಮತ್ತೆ ಬರಲಿಲ್ಲ. ಅಸ್ಸಾಮಿನ ಆ ಯಂತ್ರ ಇಂದಿಗೂ ನಿಂತೇ ಇದೆ.

ಪ್ರವಚನ ಕೇಳಲು ಕೂತವರೇ, ಯಾಕೆ ನಗುತ್ತೀರಿ? ಆ ಧಣಿ ಇಲ್ಲೇ, ನಿಮ್ಮೊಳಗೇ, ಫ್ಯಾನಿನ ಕೆಳಗೆ ಕೂತಿದ್ದಾನೆ. ಇಲ್ಲಿ ಎಷ್ಟು ಜನರ ಅಂಗಡಿ, ಎಷ್ಟು ಜನರ ಕಂಪನಿ ಇದೆ, ನನಗೆ ಗೊತ್ತಿಲ್ಲವೇ? ನಿಮ್ಮ ಕೆಲಸದವನನ್ನು ಎರಡು ವಿಮಾನ ಹತ್ತಿಸಿ ಇಳಿಸಿ, ಮುಖ ತೊಳೆಯಲೂ ಬಿಡದೆ ಮೀಟಿಂಗಿಗೆ ನೂಕುತ್ತೀರಿ. ಆಮೇಲೆ ಅವನು ತೂಕಡಿಸಿದ ಅಂತ ದೂರುತ್ತೀರಿ. ಇಲ್ಲಿ ಬಂದು ದಯೆಯ ಮಾತಿಗೆ ತಲೆದೂಗುತ್ತೀರಿ. ನಾಚಿಕೆ ಬೇಡವೇ?

ದುಡ್ಡು ಉಳಿಸಬೇಡಿ ಅಂತ ನಾನು ಹೇಳಲಿಲ್ಲ. ಉಳಿಸಿ. ದುಬಾರಿ ಸೀಟು ಯಾರೂ ಕೇಳುತ್ತಿಲ್ಲ. ಹತ್ತು ದಿನ ಮೊದಲೇ ಟಿಕೆಟ್ಟು ತೆಗೆದರೆ ಅಗ್ಗ ಸಿಗುತ್ತದೆ. ಅದು ನಿಮ್ಮ ಜಾಣತನದ ಉಳಿತಾಯ. ಇನ್ನೊಬ್ಬನ ಮೈ ಹಿಂಡಿ ಉಳಿಸಿದ್ದು ಉಳಿತಾಯವಲ್ಲ, ಕಳ್ಳತನ.

ನಾಳೆ ಟಿಕೆಟ್ಟು ತೆಗೆಯುವ ಮುಂಚೆ ಹೋಗುವವನನ್ನು ಕರೆದು ಕೂರಿಸಿ. ಏನೇನು ಒಯ್ಯಬೇಕಪ್ಪ, ಎಲ್ಲಿ ಮಲಗುತ್ತೀಯ, ಯಾವಾಗ ಉಣ್ಣುತ್ತೀಯ ಅಂತ ಕೇಳಿ. ಆಮೇಲೆ ಆ ಟಿಕೆಟ್ಟಿನಲ್ಲಿ ಮೊದಲು ನಿಮ್ಮ ಹೆಸರು ಬರೆದು ನೋಡಿ. ಹೋಗಲು ನಿಮ್ಮ ಮನಸ್ಸು ಒಪ್ಪದಿದ್ದರೆ, ಅವನ ಹೆಸರನ್ನೂ ಬರೆಯಬೇಡಿ.