ಬೀಗ ಹಾಕಿದ ಪ್ರಯೋಗದ ಕೋಣೆ

ಸಭೆಗೆ ನಮಸ್ಕಾರ. ಮುಂದಿನ ಸಾಲಲ್ಲಿ ಕೂತಿರೋ ನಮ್ಮ ಟೀಚರ ಯಜಮಾನರಿಗೆ, ಮಗಳಿಗೆ — ತಾಯಿ, ನಿನ್ನ ದುಃಖದಲ್ಲಿ ನಾವೂ ಇದ್ದೀವಿ. ನಾನು ನಿಮ್ಮಮ್ಮನ ಪಕ್ಕದ ಕ್ಲಾಸಲ್ಲಿ ಲೆಕ್ಕ ಹೇಳಿಕೊಡೋಳು. ವೇದಿಕೆ ಮೇಲಿರುವ ಮುಖ್ಯೋಪಾಧ್ಯಾಯರಿಗೂ — ಇರಲಿ, ನಮಸ್ಕಾರ.

ಈಗಷ್ಟೇ ಅವರು ಮಾತಾಡಿದರು. ಅಗಲಿದ ಚೇತನ ಅಂದರು, ವಿಜ್ಞಾನದ ಜ್ಯೋತಿ ಅಂದರು. ಶಾಲೆಯ ಪ್ರಯೋಗದ ಕೋಣೆಗೆ ಟೀಚರ ಹೆಸರಿಡ್ತಾರಂತೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಶ್ರದ್ಧಾಂಜಲಿ ಸಭೇಲಿ ಚಪ್ಪಾಳೆ! ನನಗೆ ಮೈ ಉರಿದುಹೋಯ್ತು. ಆ ಕೋಣೆಗೆ ಬೀಗ ಜಡಿದಿದ್ದು ಯಾರು ಅಂತ ಮಾತ್ರ ಅವರು ಹೇಳಲಿಲ್ಲ. ನಾನು ಹೇಳ್ತೀನಿ.

ಮಕ್ಕಳು ಟೀಚರನ್ನ 'ನೋಡೋಣ ಮಿಸ್' ಅಂತಿದ್ದರು. ಏನೇ ಕೇಳಲಿ, ಸುಮ್ಮನೆ ಉತ್ತರ ಹೇಳೋ ಪೈಕಿ ಅಲ್ಲ. 'ನಿನಗೇನನ್ನಿಸುತ್ತೆ? ಸರಿ, ಮಾಡಿ ನೋಡೋಣ.' ನನಗೇ ಎಷ್ಟೋ ಸಲ ರೇಗ್ತಿತ್ತು — ಹೇಳಿಬಿಡಿ ತಾಯಿ, ಗಂಟೆ ಹೊಡೀತು ಅಂತ!

ಒಂದು ಸಲ ನಾಲ್ಕನೇ ಕ್ಲಾಸಿನ ಮಕ್ಕಳು ನೆನೆಸಿದ ಬೀಜ ಇಟ್ಟರು. ಒಂದು ತಟ್ಟೆ ಕಿಟಕೀಲಿ, ಇನ್ನೊಂದು ಕತ್ತಲ ಬೀರುವಿನಲ್ಲಿ. ಕತ್ತಲಲ್ಲಿಟ್ಟಿದ್ದು ಮೊಳೆಯಲ್ಲ ಅಂತ ಎಲ್ಲರ ಊಹೆ. ವಾರ ಬಿಟ್ಟು ಬೀರು ಬಾಗಿಲು ತೆಗೆದರೆ — ಇಷ್ಟೆತ್ತರ! ಬಿಳಚಿಕೊಂಡಿತ್ತು, ಆದರೆ ಕಿಟಕೀದಕ್ಕಿಂತ ಉದ್ದ. ಮಕ್ಕಳು ಕಿರುಚಾಡಿದ್ದು ನನ್ನ ಕ್ಲಾಸಿಗೂ ಕೇಳಿಸ್ತು.

ಆಗಲೇ ಈ ಮುಖ್ಯೋಪಾಧ್ಯಾಯರು ಬಂದರು. 'ನಾಳೆ ಇನ್‌ಸ್ಪೆಕ್ಷನ್. ಬೆಳಕಿಲ್ಲದೆ ಗಿಡ ಬೆಳೆಯಲ್ಲ ಅಂತ ಪುಸ್ತಕದಲ್ಲಿದೆ, ಹಾಗೇ ಬರೆಸಿ' ಅಂದರು. ಒಬ್ಬಳು ಪುಟಾಣಿ ಎದ್ದು, 'ಬೆಳೆದಿದೆಯಲ್ಲ ಸಾರ್? ಅದಕ್ಕೆ ಊಟ ಎಲ್ಲಿಂದ ಬಂತು?' ಅಂದಳು. ಎಂಥಾ ಪ್ರಶ್ನೆ! ಸಿಕ್ಕಿದ ಉತ್ತರ — 'ಬಾಯ್ಮುಚ್ಚು.'

'ಇನ್ನೊಂದು ವಾರ ಬಿಡಿ ಸಾರ್, ಮುಂದೇನಾಗುತ್ತೆ ಅಂತ ಮಕ್ಕಳೇ ನೋಡ್ಲಿ' ಅಂತ ಟೀಚರ್ ಅಂಗಲಾಚಿದರು. ಒಂದು ವಾರ — ಅಷ್ಟೇ ಕೇಳಿದ್ದು! ತಟ್ಟೆ ಕಸದ ಬುಟ್ಟಿಗೆ ಹೋಯ್ತು. ಕೋಣೆಗೆ ಬೀಗ ಬಿತ್ತು. ವಿಜ್ಞಾನ ಕಿತ್ತುಕೊಂಡು ಟೀಚರಿಗೆ ಹೊಲಿಗೆ ಕ್ಲಾಸ್ ಕೊಟ್ಟರು. ಸಾಯೋವರೆಗೂ ಅವರು ಆ ಕೋಣೆಯೊಳಗೆ ಕಾಲಿಡಲಿಲ್ಲ.

ಹೆಸರು ಬೇಡ ಸಾರ್. ಬಾಗಿಲು ತೆಗೀರಿ. ಸೋಮವಾರದಿಂದ ವಿಜ್ಞಾನ ನಾನು ತಗೋತೀನಿ. ಗೊತ್ತಿಲ್ಲದ್ದನ್ನ ಮಕ್ಕಳ ಜೊತೆ ನಾನೂ ಕಲೀತೀನಿ. ಬೀಗದ ಕೈ ನಿಮ್ಮ ಜೇಬಲ್ಲೇ ಇರುತ್ತೆ, ಎಲ್ಲರಿಗೂ ಗೊತ್ತು. ತೆಗೆದು ಈ ಮೇಜಿನ ಮೇಲಿಡಿ.

— ಕಾಯ್ತೀನಿ.

— ಗಡಿಯಾರ ಯಾಕೆ ನೋಡ್ತೀರಿ ಸಾರ್? ನನಗೇನೂ ಅವಸರ ಇಲ್ಲ.

ಕೊಡಲ್ವಾ? ಸರಿ. ಈಗ ಟೀಚರ ನೆನಪಿಗೆ ಎರಡು ನಿಮಿಷ ಮೌನ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ನೀವು ಬೇಡ ಸಾರ್ — ನೀವು ಕೂತೇ ಇರಿ.