ಅರ್ಧ ಏರಿನ ಬೆಂಚು

ಇಲ್ಲ ಕಣೇ, ಈ ಸಲ ಒಂದಕ್ಷರ ಸುಳ್ಳಿಲ್ಲ! ನಿನ್ನಾಣೆ... ಸರಿ, ನಿನ್ನಾಣೆ ಬೇಡ, ಅದನ್ನ ಬಳಸಿ ಬಳಸಿ ಸವೆಸಿಬಿಟ್ಟಿದೀನಿ. ನನ್ನ ಹೊಸ ಕನ್ನಡಕದಾಣೆ. ಆಯ್ತಾ? ನೀನು ಬೆಳ್ಳುಳ್ಳಿ ಬಿಡಿಸ್ತಾನೇ ಕೇಳು, ಪರವಾಗಿಲ್ಲ. ಮುಖ ಮಾತ್ರ ಹಾಗೆ ಮಾಡಬೇಡ.

ವಾರ್ಡ್ ಸಭೆ ಅಂದ್ರೆ ಏನಂದ್ಕೊಂಡಿದೀಯ? ಎರಡು ಸಾವಿರ ಜನ! ಯಾಕೆ ನಗ್ತೀಯ? ಸರಿ, ಇನ್ನೂರು. ಲೈಬ್ರರಿ ಮೇಲಿನ ರೂಮು ಎಷ್ಟಗಲ ಅಂತ ನಂಗೂ ಗೊತ್ತು ಮಾರಾಯ್ತಿ! ಕಿಟಕಿಗೆಲ್ಲ ಜೋತು ಬಿದ್ದಿದ್ರು ಅಂದ್ಕೋ... ಹೋಗ್ಲಿ ಬಿಡು, ಹದಿನೇಳು ಜನ. ನನ್ನೂ ಸೇರಿಸಿ. ಆದ್ರೆ ಗಲಾಟೆ ಮಾತ್ರ ಎರಡು ಸಾವಿರದ್ದೇ!

ಪುರಸಭೆಯಿಂದ ಒಬ್ರು ಆಫೀಸರಮ್ಮ ಬಂದಿದ್ರು. "ನಿಮ್ಮ ಬೀದಿಗೆ ಈ ವರ್ಷ ಒಂದೇ ಒಂದು ಕೆಲಸ ಮಾಡಿಕೊಡ್ತೀವಿ, ಏನು ಬೇಕೋ ಹೇಳಿ, ಕೊನೇಲಿ ಕೈ ಎತ್ತಿ ಆರಿಸಿ" ಅಂದ್ರು. ಅಷ್ಟೇ! ಎಲ್ರಿಗೂ ಒಮ್ಮೆಲೇ ಊರಿನ ಮೇಲೆ ಪ್ರೀತಿ ಉಕ್ಕಿಬಿಡ್ತು.

ಬೇಕರಿಯವನು ಎದ್ದ. ಅವನಂಗಡಿ ಮುಂದಿನ ಕಸದ ತೊಟ್ಟೀನ ಎದುರು ಬೇಕರಿ ಮುಂದೆ ಇಡ್ಬೇಕಂತೆ. ಯಾಕಪ್ಪಾ ಅಂದ್ರೆ, ಜನರ ಆರೋಗ್ಯಕ್ಕೆ! ಆಮೇಲೆ ರಿಟೈರಾದ ಮೇಷ್ಟ್ರು. ಬೆಳಿಗ್ಗೆ ಐದಕ್ಕೆ ಸೈರನ್ ಬೇಕಂತೆ, ಬೀದಿಗೆ ಶಿಸ್ತು ಬರತ್ತಂತೆ. ಇವರಿಗೆ ನಿದ್ದೆ ಬರಲ್ಲ ಅಂತ ನಾವೆಲ್ಲ ಎದ್ದು ಕೂರಬೇಕಾ? ಅಷ್ಟರಲ್ಲಿ ಕಟಿಂಗ್ ಶಾಪಿನವನು ಎದ್ದ. ತಿರುವಲ್ಲಿ ಆಳೆತ್ತರದ ಕನ್ನಡಿ ಬೇಕಂತೆ! "ಎದುರು ಬರೋ ಗಾಡಿ ಕಾಣತ್ತೆ ಮೇಡಂ" ಅಂತಾನೆ. ಗಾಡಿ ಅಂತೆ ಗಾಡಿ! ಜನ ತಮ್ಮ ತಲೆ ತಾವು ನೋಡ್ಕೊಂಡು, ಗಾಬರಿ ಬಿದ್ದು, ಸೀದಾ ಇವನಂಗಡಿಗೆ ನುಗ್ಬೇಕು... ಅದು ಇವನ ಲೆಕ್ಕಾಚಾರ. ಆದ್ರೆ ಎಂಥಾ ಮಾತುಗಾರ ಅಂತೀಯ! ಅರ್ಧ ರೂಮು ಅವನ ಕಡೆ ವಾಲಿಬಿಡ್ತು.

ಆಗ ಎದ್ದೆ ನಾನು. ಮೈಕ್ ಹಿಡಿದು... ಮೈಕಿರಲಿಲ್ಲ ಕಣೇ, ಆಯ್ತು, ಈ ಗಂಟಲಿಗೆ ಮೈಕ್ ಬೇರೆ ಬೇಕಾ?

"ಮೇಡಂ," ಅಂದೆ, "ನಮ್ಮ ಬೀದಿ ಬೀದಿಯಲ್ಲ, ಏಣಿ. ನನ್ನ ಹೆಂಡ್ತಿಗೆ ಮಂಡಿ ನೋವು. ಆದ್ರೂ ವಾರದ ಸಾಮಾನೆಲ್ಲ ಅವಳೇ ಹೊತ್ತು ಹತ್ತಬೇಕು. ಯಾಕಂದ್ರೆ ನನ್ನ ಬಲಭುಜ ಹಿಡ್ಕೊಂಡುಬಿಟ್ಟಿದೆ, ಕೈ ಎದೆಮಟ್ಟಕ್ಕಿಂತ ಮೇಲೇಳಲ್ಲ. ಅಂಗಿ ತೋಳು ತೊಡಿಸೋಳೂ ಅವಳೇ" ಅಂದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. "ಅರ್ಧ ಏರಿಗೆ ಬರೋಷ್ಟರಲ್ಲಿ ಅವಳಿಗೆ ಉಸಿರೇ ಇರಲ್ಲ. ಆದ್ರೆ ಯಾರಿಗೂ ಗೊತ್ತಾಗಬಾರದು ಅಂತ ಟೈಲರ್ ಅಂಗಡಿ ಬೋರ್ಡ್ ಓದೋ ಹಾಗೆ ನಿಲ್ತಾಳೆ. ಆ ಅಂಗಡಿ ಬಾಗಿಲು ಹಾಕಿ ಎಷ್ಟು ವರ್ಷ ಆಯ್ತು! ಬೋರ್ಡಲ್ಲಿ ಅಕ್ಷರವೇ ಉಳಿದಿಲ್ಲ! ಅಲ್ಲೊಂದು ಬೆಂಚು ಹಾಕಿ ಮೇಡಂ. ಒರಗೋಕೆ ಬೆನ್ನಿರೋ ಬೆಂಚು."

...ಏನು? ಬಾಲ್ಕನಿಯಿಂದ ಕಾಣತ್ತಲ್ಲ ಕಣೇ. ದಿನಾ ನೋಡ್ತೀನಿ.

ಏ, ಬೆಳ್ಳುಳ್ಳಿಗೆ ಯಾರಾದ್ರೂ ಕಣ್ಣೀರು ಹಾಕ್ತಾರಾ? ಅದು ಈರುಳ್ಳಿ ಕೆಲಸ! ಅಲ್ಲೂ ಹೀಗೇ, ಆಫೀಸರಮ್ಮ ಕರ್ಚೀಫಲ್ಲಿ ಕಣ್ಣೊರೆಸ್ಕೊಂಡ್ರು. ಶೀತ ಆಗಿತ್ತೇನೋ, ನಂಗೇನು ಗೊತ್ತು.

ಕೊನೆಗೆ ಏನಾಯ್ತು? ಸೈರನ್ನು, ಕಸದ ತೊಟ್ಟಿ ಎರಡೂ ಬಿದ್ದುಹೋದ್ವು. ಕನ್ನಡಿಗೆ ಎಂಟು ಕೈ. ಬೆಂಚಿಗೂ ಎಂಟು! ಆಫೀಸರಮ್ಮ ನನ್ನ ಕಡೆ ತಿರುಗಿ, "ತಾತಾ, ನೀವು ಎತ್ತಲೇ ಇಲ್ಲ" ಅಂದ್ರು. ಭಾಷಣದ ಜೋರಲ್ಲಿ ಮರ್ತೇಬಿಟ್ಟಿದ್ದೆ ನೋಡು! ಕಟಿಂಗ್ ಶಾಪಿನವನು ನನ್ನನ್ನೇ ದುರುಗುಟ್ಕೊಂಡು ನೋಡ್ತಿದ್ದ. "ಇಗೋ, ಬೆಂಚಿಗೆ!" ಅಂತ ಎತ್ತಿದೆ ನೋಡು ಕೈ... ಹೀಗೆ! ಬಾಣದ ಹಾಗೆ! ಮೇಲಿನ ಫ್ಯಾನಿಗೆ ತಗುಲಬೇಕು, ಹಾಗೆ! ನಾಳೆ ಅಳತೆಗೆ ಬರ್ತಾರೆ. ಬೆಂಚು ನಿಂದೇ...

ಏ... ಬೆಳ್ಳುಳ್ಳಿ ಯಾಕೆ ಕೆಳಗಿಟ್ಟೆ? ಎಲ್ಲಿ ನೋಡ್ತಿದೀಯ? ಫ್ಯಾನಾ? ಈ ಕೈ... ಯಾವ ಕೈ?

...ಓ.

ಇದು... ಅಲ್ಲಿ ಎತ್ತಿದ್ದು ಎಡಗೈ ಕಣೇ. ಈಗ? ಈಗ ಇದು... ಈಗ ತಾನೇ ಬಿಟ್ಕೊಳ್ತು! ನೀನೂ ನೋಡಿದೆಯಲ್ಲ, ಕಟ್ ಅಂತ ಸದ್ದಾಯ್ತು. ಆಗಲಿಲ್ವಾ? ಅಯ್ಯೋ... ಅಮ್ಮಾ... ಮತ್ತೆ ಹಿಡ್ಕೊಳ್ತು ನೋಡು. ಇಲ್ಲಿ. ಇಲ್ಲೇ... ಅಲ್ಲ, ಆ ಭುಜ ಅಲ್ಲ, ಈ ಭುಜ.

ಏನಾದ್ರೂ ಹೇಳೇ. ಬೈಯಿ ಬೇಕಾದ್ರೆ.

ಎಲ್ಲಿಗೆ ಎದ್ದೆ? ಚೀಲ ಯಾಕೆ ತಗೊಂಡೆ, ಇವತ್ತು ಸಂತೆ ಇಲ್ವಲ್ಲ... ಏ, ಸ್ಟೂಲ್ ಯಾಕೆ? ಆ ಮಂಡಿ ಇಟ್ಕೊಂಡು ಸ್ಟೂಲ್ ಹತ್ತಬೇಡ ಮಾರಾಯ್ತಿ! ಅಷ್ಟು ಮೇಲಿನ ಮೊಳೆಗೆ ಯಾಕೆ ಚೀಲ ನೇತು ಹಾಕ್ತೀಯ? ನಾಳೆ ಅದನ್ನ ಇಳಿಸೋರು ಯಾರು...

ಹ್ಞೂಂ.

ಎಟುಕತ್ತೆ. ಎಟುಕತ್ತೆ ಬಿಡು. ಇಳಿ ಮೊದಲು.